ಎಲ್ಲಿಗೂ ಹೋಗದವನ ಸಿಮ್

“ಮಗಳಿಗೆ ಗಂಡು ನೋಡುವಾಗಲೂ ಜನ ಇಷ್ಟು ಅಳೆದು ಸುರಿದು ನೋಡಲ್ಲ ಕಣೆ. ಒಂದು ಸಿಮ್ಮಿಗೋಸ್ಕರ ಮೇಷ್ಟ್ರು ವರ್ಷಪೂರ್ತಿ ನನ್ನ ತಲೆ ತಿಂದ್ರು!”

ಲೂಕಿಯಾ ಹಾಗೆಂದು ನಕ್ಕಳು. ನಕ್ಕ ಮೇಲೆ, ಕಾಣೆಯಾದ ಮನುಷ್ಯನ ವಿಷಯದಲ್ಲಿ ನಗಬಾರದಿತ್ತು ಅನ್ನಿಸಿತೋ ಏನೋ, ಗಾಜಿನ ಕಪಾಟಿನ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದಳು. ಗ್ರೀಸಿನ ಕೊರ್ಫು ದ್ವೀಪದ ಬಂದರಿನ ಗೇಟಿಗೆ ಎದುರಾಗಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದವಳು ಅವಳು. ಹಡಗು ಹತ್ತುವವರೆಲ್ಲ ಕೊನೇ ಗಳಿಗೆಯಲ್ಲಿ ಓಡಿ ಬರುವುದು ಅವಳ ಬಾಗಿಲಿಗೇ.

ಎವಾಂಥಿಯಾ ನಗಲಿಲ್ಲ. ಅವಳು ಪೊಲೀಸ್ ಇನ್ಸ್‌ಪೆಕ್ಟರ್; ಅದಕ್ಕೂ ಮೊದಲು ಅದೇ ಮೇಷ್ಟ್ರ ವಿದ್ಯಾರ್ಥಿನಿ. ಭೂಗೋಳದ ಮೇಷ್ಟ್ರು ಲಿಸಾಂದ್ರೋಸ್ ಹಡಗು ಹತ್ತಿ ಎದುರು ದಡದ ಅಲ್ಬೇನಿಯಾಕ್ಕೆ ಹೋಗಿ ಎರಡು ವಾರವಾಗುತ್ತ ಬಂದಿತ್ತು. ಮಗಳು ಮೆಲ್ಪೊಗೆ ದಿನಕ್ಕೊಂದು ಮೆಸೇಜು ಬರುತ್ತಿತ್ತು, ಒಂದು ದಿನವೂ ದನಿ ಕೇಳಿಸಿರಲಿಲ್ಲ.

“ನಗು ಬಿಡು. ಏನೇನು ಕೇಳ್ತಿದ್ರು, ಅದನ್ನ ಹೇಳು.”

“ಏನು ಕೇಳ್ಲಿಲ್ಲ ಅಂತ ಕೇಳು! ಇಲ್ಲಿನ ನಂಬರನ್ನೇ ತಗೊಂಡು ಹೋದ್ರೆ ಎಷ್ಟು ಬೀಳುತ್ತೆ ಅಂದ್ರು. ಇಟಲಿಗೆ ಹೋದ್ರೆ ಒಂದು ಸೆಂಟೂ ಜಾಸ್ತಿ ಇಲ್ಲ, ಎದುರು ದಡಕ್ಕೆ ಹೋದ್ರೆ ಮಾತ್ರ ಚರ್ಮ ಸುಲೀತಾರೆ ಅಂದೆ. ಕಾರ್ಡೇ ಇಲ್ಲದ ಸಿಮ್ ಬಂದಿದೆಯಂತಲ್ಲ, ಫೋನಿನೊಳಗೇ ಇರುತ್ತಂತಲ್ಲ ಅಂದ್ರು. ನಿಮ್ಮ ಫೋನೂ ನಿಮ್ಮ ಹಾಗೇ ಹಳೇ ಕಾಲದ್ದು, ಅದಕ್ಕೆ ಆ ಭಾಗ್ಯ ಇಲ್ಲ ಅಂದೆ. ಅಲ್ಲಿ ಇಳಿದ ತಕ್ಷಣ ಕೊಳ್ಳಬೇಕೋ, ಊರೊಳಗೆ ಹೋಗಿ ಕೊಳ್ಳಬೇಕೋ? ಊರೊಳಗೆ ಮೇಷ್ಟ್ರೇ, ಬಂದರಿನವನು ನಿಮ್ಮ ಬ್ಯಾಗು ನೋಡಿ ರೇಟು ಹೇಳ್ತಾನೆ ಅಂದೆ. ಹಳೇ ಸಿಮ್ ಬಿಸಾಡಬೇಕಾ? ಬೇಡಿ, ಫೋನಿನಲ್ಲಿ ಎರಡು ಗೂಡಿದೆ, ಬ್ಯಾಂಕಿನವರು ಗುಟ್ಟಿನ ಅಂಕಿ ಕಳಿಸೋದು ಹಳೇದಕ್ಕೇ, ಅದು ಒಳಗೇ ಇರಲಿ ಅಂದೆ. ಮಾರನೇ ವಾರ ಬಂದು ಮತ್ತೆ ಅದನ್ನೇ ಕೇಳಿದ್ರು!”

ಎವಾಂಥಿಯಾಳಿಗೆ ಮೇಷ್ಟ್ರು ಕಣ್ಣಿಗೆ ಕಟ್ಟಿದ ಹಾಗಾಯಿತು. ಮೂವತ್ತು ಚಿಲ್ಲರೆ ವರ್ಷ ಗೋಡೆಯ ನಕಾಶೆಗೆ ಕೋಲು ತೋರಿಸಿ ಲೋಕವನ್ನೆಲ್ಲ ಪಾಠ ಮಾಡಿದ ಮನುಷ್ಯ. ತಾವು ಮಾತ್ರ ಕಿಟಕಿಯಿಂದ ಕಾಣುವ ಎದುರು ದಡಕ್ಕೂ ಹೋದವರಲ್ಲ. ಹೆಂಡತಿಯ ಕಾಯಿಲೆ, ಮಗಳ ಮದುವೆ, ಮೊಣಕಾಲು ನೋವು, ಒಂದಲ್ಲ ಒಂದು ನೆಪ. ಕೊನೆಗೂ ಬೆಲ್‌ಗ್ರೇಡಿನ ತನಕ ಹೊರಡುತ್ತೇನೆ ಎಂದಾಗ ಕಾಫಿ ಅಂಗಡಿಯಲ್ಲಿ ಎಲ್ಲರೂ ಗೇಲಿ ಮಾಡಿದ್ದರು: ಮೇಷ್ಟ್ರು ಸಿಮ್ ಆರಿಸುವುದರೊಳಗೆ ಬೆಲ್‌ಗ್ರೇಡ್ ಊರೇ ಜಾಗ ಬದಲಾಯಿಸುತ್ತೆ ಅಂತ.

ಅವಳಿಗೆ ಮಾತ್ರ ಅದು ತಮಾಷೆ ಅನ್ನಿಸಿರಲಿಲ್ಲ. ಪರದೇಶಕ್ಕೆ ಮೊದಲ ಸಲ ಹೊರಟವನಿಗೆ ಸಿಮ್ ಎಂದರೆ ಬರೀ ಪ್ಲಾಸ್ಟಿಕ್ ಚೂರಲ್ಲ. ದಾರಿ ತಪ್ಪಿದರೆ ಯಾರನ್ನು ಕರೆಯಲಿ, ಕರೆದರೆ ಕೇಳಿಸುತ್ತದೆಯೇ ಎಂಬ ಭಯಕ್ಕೆ ಅವನು ಹುಡುಕಿಕೊಳ್ಳುವ ಔಷಧಿ ಅದು. ಭಯ ಇದ್ದಷ್ಟು ಹೊತ್ತು ಹುಡುಕುತ್ತಲೇ ಇರುತ್ತಾನೆ.

“ಕೊನೆಗೆ ಯಾವುದು ಅಂತ ತೀರ್ಮಾನ ಮಾಡಿದ್ರು?”

“ಹಳದಿ,” ಎಂದಳು ಲೂಕಿಯಾ, ಒಂದು ಕ್ಷಣವೂ ತಡೆಯದೆ.

ಅಲ್ಬೇನಿಯಾದಲ್ಲಿ ಎರಡು ಕಂಪನಿಗಳ ಸಿಮ್ ನಡೆಯುತ್ತಿದ್ದವು. ಹೆಸರು ಹೇಳಲು ನಾಲಿಗೆ ಹೊರಳದ ಈ ಕಡೆಯವರು ಡಬ್ಬಿಯ ಬಣ್ಣದ ಮೇಲೆ ಒಂದನ್ನು ಹಸಿರು ಅನ್ನುತ್ತಿದ್ದರು, ಇನ್ನೊಂದನ್ನು ಹಳದಿ.

“ಹಳದಿಯೇ ಯಾಕೆ?”

“ಮೇಷ್ಟ್ರು ಬಸ್ಸಿನಲ್ಲಿ ಬೆಲ್‌ಗ್ರೇಡಿನ ತನಕ ಹೋಗೋರು. ಅಲ್ಬೇನಿಯಾ ದಾಟಿ ಮಾಂಟೆನೆಗ್ರೊ, ಅದಾದ ಮೇಲೆ ಸರ್ಬಿಯಾ. ಹಳದಿ ಹಾಕಿದ್ರೆ ಆ ದಾರಿಯುದ್ದಕ್ಕೂ ಒಂದೇ ಸಿಮ್ ಸಾಕು. ಹಸಿರಿನವರ ಪ್ರವಾಸಿ ಸಿಮ್ ಅಗ್ಗ, ಆದ್ರೆ ಅಲ್ಬೇನಿಯಾ ಗಡಿ ದಾಟಿದ ಕೂಡಲೇ ಬಾಯಿ ಮುಚ್ಕೊಂಡುಬಿಡುತ್ತೆ. ನಾನು ಹೇಳಿದ್ದನ್ನ ಮೇಷ್ಟ್ರು ನನಗೇ ವಾಪಸ್ ಪಾಠ ಮಾಡಿ ಹೋಗಿದ್ರು.”

ಎವಾಂಥಿಯಾ ತನ್ನ ಫೋನು ತೆಗೆದು ಮೆಲ್ಪೊ ಕಳಿಸಿದ್ದ ಮೆಸೇಜುಗಳ ಚಿತ್ರ ತೋರಿಸಿದಳು. ಮೇಲೆ ಅಲ್ಬೇನಿಯಾದ ನಂಬರು ಇತ್ತು.

ಲೂಕಿಯಾ ಕನ್ನಡಕ ಏರಿಸಿದಳು. “ಇದು ಮೇಷ್ಟ್ರ ನಂಬರಾ?”

“ಹೌದು.”

“ಇದು ಹಸಿರು ಕಣೆ. ಮೊದಲ ಮೂರು ಅಂಕಿ ನೋಡು, ಅದು ಹಸಿರಿನವರದ್ದೇ.”

“ಸರಿಯಾಗಿ ನೋಡಿ ಹೇಳು.”

“ದಿನಾ ಇದೇ ಮಾರೋಳು ನಾನು. ನೋಡೋಕೇನಿದೆ?”

ಎವಾಂಥಿಯಾ ಕೊನೆಯ ಮೆಸೇಜನ್ನು ಮತ್ತೆ ಓದಿದಳು. ನಿನ್ನೆ ಸಾಯಂಕಾಲ ಬಂದದ್ದು. ‘ಮಗಳೇ, ಮಾಂಟೆನೆಗ್ರೊದ ಪೊದ್ಗೊರಿತ್ಸಾ ತಲುಪಿದೆ. ಊಟ ಚೆನ್ನಾಗಿದೆ. ಯೋಚನೆ ಮಾಡಬೇಡ.’

ಗಡಿ ದಾಟಿದರೆ ಬಾಯಿ ಮುಚ್ಚುವ ಸಿಮ್ಮು, ಗಡಿಯಾಚೆಯಿಂದ ಊಟ ಚೆನ್ನಾಗಿದೆ ಎಂದು ಹೇಳುತ್ತಿತ್ತು.

ಅಂಗಡಿಯ ಹೊರಗೆ ಬಂದು ಅವಳು ಬಂದರಿನ ಗೋಡೆಗೆ ಒರಗಿ ನಿಂತಳು. ಎದುರು ದಡದ ಸಾರಾಂದಾಕ್ಕೆ ಹೋಗುವ ಹಡಗು ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಅಕ್ಟೋಬರ್ ಮುಗಿಯುತ್ತ ಬಂದದ್ದರಿಂದ ಹತ್ತುವವರು ಬೆರಳೆಣಿಕೆಯಷ್ಟು. ಮೇಷ್ಟ್ರೂ ಹೀಗೇ ಹತ್ತಿದ್ದರು, ಅದಕ್ಕೆ ಬಂದರಿನಲ್ಲಿ ಪುರಾವೆ ಇತ್ತು. ಅವರು ಮರಳಿ ಬಂದದ್ದಕ್ಕೆ ಪುರಾವೆ ಇರಲಿಲ್ಲ. ಅಂದಮೇಲೆ ಅವರು ಅಲ್ಲೇ ಇದ್ದಾರೆ ಎಂದು ಠಾಣೆಯವರೆಲ್ಲ ನಂಬಿದ್ದರು.

ವರ್ಷವಿಡೀ ಹಳದಿ ಹಳದಿ ಎಂದು ಜಪ ಮಾಡಿದವರು ಅಲ್ಲಿ ಇಳಿದು ಹಸಿರು ಕೊಂಡರೇ? ಮೇಷ್ಟ್ರೇ? ಸಾಧ್ಯವೇ ಇಲ್ಲ. ಅವರಿಗೆ ಒಂದು ಹಠ ಹತ್ತಿದರೆ ಮುಗಿಯಿತು, ಜಪ್ಪಯ್ಯ ಅಂದರೂ ಬಿಡುವವರಲ್ಲ.

ಹಾಗಾದರೆ ಹಸಿರು ಕೊಳ್ಳುವವರು ಯಾರು? ಇದಕ್ಕೆ ಲೂಕಿಯಾಳನ್ನು ಕೇಳಬೇಕಾದ ಅಗತ್ಯ ಇರಲಿಲ್ಲ. ದ್ವೀಪದಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಜಲಸಂಧಿ ಕಿರಿದಾಗುವ ಕಡೆ, ಪೆತ್ರಾಲಿ ಕೊಲ್ಲಿಗೆ ನೇರ ಎದುರಿಗೆ, ಆಚೆ ಗುಡ್ಡದ ನೆತ್ತಿಯಲ್ಲಿ ಹಸಿರಿನವರ ಮೊಬೈಲ್ ಗೋಪುರ ಇದೆ, ಅದರ ಸಿಗ್ನಲ್ ಈಚೆ ದಡಕ್ಕೂ ಸಿಗುತ್ತದೆ. ಭಾನುವಾರ ಬಂತೆಂದರೆ ಅಲ್ಬೇನಿಯಾದಿಂದ ಬಂದು ಇಲ್ಲಿ ಕಲ್ಲುಕೆಲಸ ಮಾಡುವ ಗಂಡಸರು ಪೆತ್ರಾಲಿಯ ಬಂಡೆಗಳ ಮೇಲೆ ಸಾಲಾಗಿ ಕೂತು, ಹಸಿರು ಸಿಮ್ ಹಾಕಿ, ತಮ್ಮ ತಾಯಂದಿರ ಜೊತೆ ಊರಿನ ದರದಲ್ಲೇ ಗಂಟೆಗಟ್ಟಲೆ ಮಾತಾಡುತ್ತಾರೆ. ಅವರ ಫೋನು ಆಚೆ ದೇಶದಲ್ಲಿರುತ್ತದೆ, ಕಾಲು ಈಚೆ ನೀರಿನಲ್ಲಿರುತ್ತದೆ. ಅದನ್ನು ನೋಡಿ ಕೊಲ್ಲಿಯ ಮೀನುಗಾರರೂ ಒಂದೊಂದು ಹಸಿರು ಸಿಮ್ ಇಟ್ಟುಕೊಂಡಿದ್ದಾರೆ.

ಪ್ರಯಾಣಿಕ ಸಿಮ್ ಆರಿಸುವುದು ತಾನು ಹೋಗುವ ದಾರಿಯನ್ನು ನೋಡಿ. ಈ ಸಿಮ್ಮನ್ನು ಆರಿಸಿದವನ ಮುಂದೆ ದಾರಿಯೇ ಇರಲಿಲ್ಲ. ಅವನು ಎಲ್ಲಿಗೂ ಹೋಗುವವನಲ್ಲ. ಒಂದು ಕೊಲ್ಲಿಯ ದಡದಲ್ಲಿ ಕೂತು, ಪರದೇಶದ ನಂಬರಿನಿಂದ ಮೆಸೇಜು ಕಳಿಸಿದರೆ ಸಾಕಾಗಿತ್ತು ಅವನಿಗೆ.

ಪೆತ್ರಾಲಿಯಲ್ಲಿ ಇರುವುದು ಯಾರು? ಮೇಷ್ಟ್ರ ಬಾಲ್ಯದ ಗೆಳೆಯ, ಮೀನುಗಾರ ಝಿಸಿಮೋಸ್. ಮೇಷ್ಟ್ರನ್ನು ಬಂದರಿಗೆ ಕರೆತಂದು ಹಡಗು ಹತ್ತಿಸಿದ್ದು ಯಾರು? ಅದೇ ಝಿಸಿಮೋಸ್. ಸ್ವಂತ ದೋಣಿ ಇಟ್ಟುಕೊಂಡು, ಯಾರನ್ನೂ ಕೇಳದೆ ಆಚೆ ದಡ ಮುಟ್ಟಿ ಬರಬಲ್ಲವನೂ ಅವನೇ.

ಫೋನು ಈಚೆ ಬಂದಿದೆ. ಫೋನಿನ ಯಜಮಾನ?

ಆಗ ಅವಳು ಮಾಡಬಾರದ ಕೆಲಸವೊಂದನ್ನು ಮಾಡಿದಳು: ಮೆಲ್ಪೊಗೆ ಫೋನು ಮಾಡಿದಳು. ತನಿಖೆ ಮುಗಿಯುವ ತನಕ ಮನೆಯವರಿಗೆ ಏನನ್ನೂ ಬಿಟ್ಟುಕೊಡಬಾರದು ಎಂಬುದು ಇಲಾಖೆಯಲ್ಲಿ ಮೊದಲ ದಿನ ಕಲಿಸುವ ಪಾಠ. ಆದರೆ ಮೆಲ್ಪೊ ಬರೀ ಮನೆಯವಳಲ್ಲ, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಎರಡು ವಾರದಿಂದ ದಿನಾ ಠಾಣೆಗೆ ಬಂದು, ‘ಇದು ಅಪ್ಪನ ಮಾತಲ್ಲ ಎವಾಂಥಿಯಾ, ಹುಡುಕು’ ಎಂದು ಅಂಗಲಾಚಿದವಳು. ಇಡೀ ಊರು ನಕ್ಕಾಗಲೂ ಅವಳೊಬ್ಬಳೇ ಪಟ್ಟು ಬಿಟ್ಟಿರಲಿಲ್ಲ.

“ಮೆಲ್ಪೊ, ನೀನು ಹೇಳಿದ್ದೇ ಸರಿ. ಆ ಮೆಸೇಜು ಮಾಂಟೆನೆಗ್ರೊದಿಂದ ಬಂದಿಲ್ಲ. ಆ ಫೋನು ಇಲ್ಲೇ ಇದೆ, ಪೆತ್ರಾಲಿಯಲ್ಲಿ.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಕೇಳಿಸ್ತಾ?”

“ಕೇಳಿಸ್ತು,” ಎಂದಳು ಮೆಲ್ಪೊ. ದನಿ ತೀರ ಸಣ್ಣಗಿತ್ತು. “ಝಿಸಿಮೋಸ್ ಹತ್ರಾನಾ?”

“ಹಾಗೇ ಕಾಣುತ್ತೆ. ನೀನು ಧೈರ್ಯವಾಗಿರು. ಸಾಹೇಬರನ್ನ ಕಂಡು ನಾನೇ ಅಲ್ಲಿಗೆ ಹೋಗ್ತೀನಿ. ನೀನು ಮನೆ ಬಿಟ್ಟು ಎಲ್ಲೂ ಹೋಗಬೇಡ.”

“ಇಲ್ಲ, ಹೋಗಲ್ಲ. ನಿನ್ನ ಉಪಕಾರ ಮರೆಯೋ ಹಾಗಿಲ್ಲ ಕಣೆ.”

ಆ ಮಾತಿಗೆ ಎವಾಂಥಿಯಾಳ ಕಣ್ಣು ತುಂಬಿ ಬಂತು. ಒಳ್ಳೆಯ ಸುದ್ದಿಯೋ ಕೆಟ್ಟದ್ದೋ, ಏನೋ ಒಂದನ್ನು ಹೇಳಿದೆನಲ್ಲ ಎಂಬ ಸಮಾಧಾನ.

ಠಾಣೆಯಲ್ಲಿ ಸಾಹೇಬರು ಪರಸ್ಕೆವಾಸ್ ಮೇಷ್ಟ್ರ ಕಡತಕ್ಕೆ ದಾರ ಕಟ್ಟಿ ಮುಚ್ಚಲು ಕೂತಿದ್ದರು. ಸರ್ಕಾರಿ ಕಚೇರಿಯಲ್ಲಿ, ‘ಬದುಕಿದ್ದೇನೆ’ ಎಂದು ಮೆಸೇಜು ಕಳಿಸುವವನು ಸಾಯುವುದು ಬಲು ಕಷ್ಟ.

“ಎಪ್ಪತ್ತು ದಾಟಿದ ಮನುಷ್ಯ, ಮೊದಲ ಸಲ ಊರು ಬಿಟ್ಟಿದ್ದಾನೆ. ಮಗಳ ಕಾಟ ಇಲ್ಲದೆ ನಾಲ್ಕು ದಿನ ಹಾಯಾಗಿರಲಿ ಬಿಡು. ಫೋನ್ ಮಾಡಿಲ್ಲ ಅಂತ ಪೊಲೀಸರು ಹುಡುಕೋ ಹಾಗಿದ್ರೆ ನನ್ನ ಮಗನನ್ನ ಮೊದಲು ಹುಡುಕಬೇಕು.”

“ಸರ್, ಅವರು ಹೇಳಿದ ಊರಿನಲ್ಲಿ ಆ ಸಿಮ್ ಕೆಲಸಾನೇ ಮಾಡಲ್ಲ.”

“ಸಿಮ್ಮು! ಅಂಗಡಿಯವನು ಯಾವುದೋ ಒಂದನ್ನ ಕೈಗೆ ತುರುಕಿರ್ತಾನೆ.”

“ಮೇಷ್ಟ್ರ ಕೈಗೆ ಯಾರೂ ಏನನ್ನೂ ತುರುಕಕ್ಕಾಗಲ್ಲ ಸರ್. ನಿಮಗೂ ಅವರು ಪಾಠ ಮಾಡಿದ್ದಾರಲ್ಲ.”

ಸಾಹೇಬರು ಕೆನ್ನೆ ತುರಿಸಿಕೊಂಡರು. ನದಿಗಳ ಹೆಸರು ತಪ್ಪು ಹೇಳಿ ಇಡೀ ಪೀರಿಯಡ್ಡು ನಿಂತುಕೊಂಡದ್ದು ಅವರಿಗೂ ನೆನಪಾಗಿರಬೇಕು. ಆದರೂ ಬೇಗ ಒಪ್ಪಲಿಲ್ಲ. ಇಲ್ಲಿ ಕೇಳಿ, ಅಲ್ಲಿ ಫೋನು ಮಾಡಿ, ಮೇಲಿನವರು ಊಟಕ್ಕೆ ಹೋಗಿದ್ದಾರೆಂದು ಕಾಯ್ದು, ಅಂತೂ ಅವಳನ್ನು ಹೊರಡಿಸುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು.

ಪೆತ್ರಾಲಿಯ ದಾರಿ ಬೆಟ್ಟದ ಸೊಂಟ ಬಳಸಿ ಸಾಗುತ್ತದೆ. ಆಲಿವ್ ಮರಗಳ ಕೆಳಗೆ ಕರಿ ಬಲೆ ಹಾಸಿದ್ದರು. ಭೂಶಿರದ ತಿರುವಿನಲ್ಲಿ ಅವಳ ಫೋನು ಕಿಣಿಕಿಣಿ ಎಂದಿತು: ಅಲ್ಬೇನಿಯಾಕ್ಕೆ ಸ್ವಾಗತ. ಗಡಿಯಾರವೂ ಒಂದು ಗಂಟೆ ಹಿಂದೆ ಸರಿಯಿತು. ಅವಳು ಅಭ್ಯಾಸಬಲದಿಂದ ಬೆರಳಾಡಿಸಿ ಫೋನನ್ನು ಮತ್ತೆ ಗ್ರೀಸಿಗೆ ಎಳೆದುಕೊಂಡಳು. ಈ ಕಡೆಯವರು ಮಳೆ ಬಂದಾಗ ಬಟ್ಟೆ ಒಳಗೆ ತರುವಷ್ಟೇ ಸಹಜವಾಗಿ ಮಾಡುವ ಕೆಲಸ ಅದು. ಮೈಮರೆತರೆ ತಿಂಗಳ ಕೊನೆಗೆ ಬಿಲ್ಲು ನೋಡಿ ಎದೆ ಹಿಡಿದುಕೊಳ್ಳಬೇಕು.

ಮೇಷ್ಟ್ರಿಗೆ ಏನಾಗಿದೆಯೋ ಎಂದು ಯೋಚಿಸದಿರಲು ಅವಳು ಬಹಳ ಕಷ್ಟಪಟ್ಟಳು. ಗೆಳೆಯ ಗೆಳೆಯನನ್ನು ಕೊಲ್ಲುತ್ತಾನೆಯೇ? ಕೊಲ್ಲುತ್ತಾನೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವಳು ಕಂಡ ಕೊಲೆಗಾರರಲ್ಲಿ ಅಪರಿಚಿತರು ಕಡಿಮೆ. ಸತ್ತವನ ಹೆಸರಿನಲ್ಲಿ ಮಗಳಿಗೆ ‘ಊಟ ಚೆನ್ನಾಗಿದೆ’ ಎಂದು ಬರೆಯುವುದಕ್ಕೆ ಎಂಥ ಎದೆ ಬೇಕು ಎಂದು ನೆನೆದು ಅವಳಿಗೆ ಸಿಟ್ಟು ಉಕ್ಕಿತು. ಆ ಸಿಟ್ಟಿನಲ್ಲೇ ಅವಳು ದಡಕ್ಕೆ ಇಳಿದಳು.

ಝಿಸಿಮೋಸ್ ದೋಣಿಯನ್ನು ಮರಳಿಗೆ ಎಳೆದು, ಮಗುಚಿ, ತಳಕ್ಕಂಟಿದ ಚಿಪ್ಪುಗಳನ್ನು ಕೆರೆಯುತ್ತಿದ್ದ. ಅವಳನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ಬಾ ಮಗಳೇ. ಕಾಫಿ ಇಡ್ಲಾ?”

“ಬೇಡ ಮಾಮ. ಮೇಷ್ಟ್ರು ಎಲ್ಲಿ?”

“ಇನ್ನೆಲ್ಲಿ? ಬಸ್ಸಿನಲ್ಲಿ ಊರೂರು ತಿರುಗ್ತಿದ್ದಾನೆ. ಪುಣ್ಯವಂತ.”

“ಅವರು ಯಾವ ಸಿಮ್ ಕೊಂಡ್ರು ಗೊತ್ತಾ ನಿನಗೆ?”

“ನನಗೇನು ಗೊತ್ತಮ್ಮ? ಅವನು ಸಿಮ್ಮಿನ ಪುರಾಣ ಶುರು ಮಾಡಿದ್ರೆ ನಾನು ನಿದ್ದೆ ಮಾಡ್ತಿದ್ದೆ.”

“ಹಸಿರು.”

“ಒಳ್ಳೇದಾಯ್ತು. ಗಟ್ಟಿಮುಟ್ಟಾದ ಸಿಮ್ಮು. ನಾನೂ ಅದನ್ನೇ ಇಟ್ಕೊಂಡಿರೋದು.”

“ಹಸಿರು ಸಿಮ್ಮಿನಿಂದ ನಿನ್ನೆ ಪೊದ್ಗೊರಿತ್ಸಾದಿಂದ ಮೆಸೇಜು ಬಂದಿದೆ ಮಾಮ. ಅದು ಅಲ್ಲಿ ನಡೆಯುತ್ತಾ?”

“ಯಾಕೆ ನಡೆಯಲ್ಲ?” ಝಿಸಿಮೋಸ್ ತಲೆ ಎತ್ತಿದ. ಅವನ ಮುಖದಲ್ಲಿ ಇದ್ದದ್ದು ನಿಜವಾದ ಆಶ್ಚರ್ಯ. “ಇಲ್ಲಿ ನಡೆಯುತ್ತಲ್ಲ? ಇದೂ ಬೇರೆ ದೇಶ ತಾನೇ?”

ಎವಾಂಥಿಯಾಳಿಗೆ ಉತ್ತರ ಸಿಕ್ಕಿತ್ತು. ಇಡೀ ಭೂಮಿಯ ಮೇಲೆ ಹೀಗೆ ಯೋಚಿಸುವವರು ಈ ಕೊಲ್ಲಿಯವರು ಮಾತ್ರ. ಗಡಿ ಎನ್ನುವುದು ಅವರ ಕಿಟಕಿಯಿಂದ ಗಾಳಿಯ ಜೊತೆ ಒಳಗೆ ಬಂದು ಹೊರಗೆ ಹೋಗುತ್ತದೆ. ಸಿಮ್ಮಿಗೂ ಒಂದು ಗಡಿ ಇರುತ್ತದೆ, ದುಡ್ಡು ಕಟ್ಟದಿದ್ದರೆ ಅದರಾಚೆ ಹೋಗದು ಎಂಬುದು ಅವರಿಗೆ ಹೊಳೆಯುವುದಿಲ್ಲ. ಬೇರೆ ಯಾರೇ ಆಗಿದ್ದರೂ ಮೆಸೇಜನ್ನು ಅಲ್ಬೇನಿಯಾದಲ್ಲೇ ನಿಲ್ಲಿಸುತ್ತಿದ್ದರು.

“ಆ ಮೆಸೇಜು ಬರೆದೋನು ನೀನು,” ಎಂದಳು ಅವಳು.

“ನಾನಾ? ನನಗೆ ನೆಟ್ಟಗೆ ನಾಲ್ಕು ಅಕ್ಷರ ಬರೆಯಕ್ಕೆ ಬರಲ್ಲ.”

“ನಾಲ್ಕೇ ಅಕ್ಷರ ಬರ್ದಿದ್ದೀಯ. ‘ಊಟ ಚೆನ್ನಾಗಿದೆ.’ ಮೇಷ್ಟ್ರು ಬರೆದಿದ್ರೆ ಅಲ್ಲಿನ ನದಿ ಎಲ್ಲಿ ಹುಟ್ಟುತ್ತೆ ಅಂತ ಬರೀತಿದ್ರು. ಫೋನು ಕೊಡು ಮಾಮ.”

“ಯಾವ ಫೋನು?”

ಕೇಳುತ್ತಿರುವಾಗಲೇ ಅವನ ಕಣ್ಣು ದೋಣಿಯ ಪಕ್ಕದ ಮೀನುಗಾಳದ ಪೆಟ್ಟಿಗೆಯ ಮೇಲೆ ಹೋಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎವಾಂಥಿಯಾ ಎರಡು ಹೆಜ್ಜೆಗೆ ಪೆಟ್ಟಿಗೆ ತಲುಪಿ ಮುಚ್ಚಳ ಎತ್ತಿದಳು. ಗಾಳ, ಸೀಸದ ಗುಂಡು, ಒದ್ದೆ ದಾರಗಳ ಅಡಿಯಲ್ಲಿ, ಬ್ರೆಡ್ಡಿನ ಕವರಿನಲ್ಲಿ ಸುತ್ತಿಟ್ಟ ಮೇಷ್ಟ್ರ ಹಳೇ ಫೋನು ಇತ್ತು. ಮೂಲೆ ಒಡೆದು ಅಂಟುಪಟ್ಟಿ ಸುತ್ತಿದ್ದ ಅದೇ ಫೋನು.

ಅದನ್ನು ಕೈಯಲ್ಲಿ ಹಿಡಿದಾಗ ಅವಳ ಸಿಟ್ಟೆಲ್ಲ ಸೋರಿಹೋಗಿ ಬರೀ ದುಃಖ ಉಳಿಯಿತು.

“ಯಾಕೆ ಕೊಂದೆ?” ಎಂದಳು. “ಒಟ್ಟಿಗೆ ಆಡಿ ಬೆಳೆದೋರಲ್ವಾ ನೀವು?”

ಝಿಸಿಮೋಸ್ ಕೆರೆಯುವ ಉಳಿಯನ್ನು ಮರಳಿಗೆ ಎಸೆದ.

“ಕೊಂದೆನಾ? ದಿನಾ ಬೆಳಗ್ಗೆ ನನ್ನ ಕೋಳಿ ಇಟ್ಟ ಮೊಟ್ಟೆ ತಿಂದು, ಕೋಳಿ ಮೊದಲು ಯಾವ ದೇಶದಿಂದ ಬಂತು ಅಂತ ನನಗೇ ಪಾಠ ಹೇಳೋ ಹೆಣ ಎಲ್ಲಾದ್ರೂ ಕಂಡಿದ್ದೀಯಾ?”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮಗುಚಿದ ದೋಣಿಯ ಮೇಲೆ ಕೂತಳು. ನಗುವೂ ಅಳುವೂ ಒಟ್ಟಿಗೆ ಬಂದವು.

“ಬದುಕಿದ್ದಾರಾ?”

“ಬದುಕಿದ್ದಾನೆ, ಹಾಳಾದೋನು. ಅಗೋ, ಮೇಲೆ ಆಲಿವ್ ಎಣ್ಣೆ ತುಂಬಿಡೋ ನನ್ನ ಕೋಣೆಯಲ್ಲಿ.” ಅವನು ಗದ್ದ ಎತ್ತಿ ಆಲಿವ್ ಮರಗಳ ನಡುವಿನ ಕಲ್ಲಿನ ಕೋಣೆಯನ್ನು ತೋರಿಸಿದ. “ಹಡಗಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹೋದ. ಸಾರಾಂದಾದಲ್ಲಿ ಸಿಮ್ ಕೊಂಡ. ಕತ್ತಲಾದ ಮೇಲೆ ನಾನು ದೋಣಿ ಹಾಕ್ಕೊಂಡು ಹೋಗಿ ಕರ್ಕೊಂಡು ಬಂದೆ.”

“ಸಿಮ್ ಕೊಂಡಿದ್ದು ಅವರೇನಾ? ಹಸಿರನ್ನ?”

“ಅವನೇ. ಇಲ್ಲಿ ಸಿಗ್ನಲ್ ಸಿಗೋದು ಅದೊಂದಕ್ಕೇ ಅಲ್ವಾ? ಹಳದಿ ಕೊಂಡು ಈ ಬಂಡೆ ಮೇಲೆ ಕೂತು ಏನು ಮಾಡ್ಲಿ ಅಂದ. ಅಂಗಡಿ ಮುಂದೆ ಬಹಳ ಹೊತ್ತು ಹಳದಿ ಡಬ್ಬಿ ನೋಡ್ತಾ ನಿಂತಿದ್ನಂತೆ. ಹೇಳುವಾಗ ಕಣ್ಣಲ್ಲಿ ನೀರಿತ್ತು.”

ಸಿಮ್ ಆರಿಸಿದವನು ಎಲ್ಲಿಗೂ ಹೋಗುವವನಲ್ಲ ಎಂದು ಅವಳು ಊಹಿಸಿದ್ದು ಸರಿಯಾಗಿತ್ತು. ಯಾರು ಎನ್ನುವುದನ್ನು ಮಾತ್ರ ತಪ್ಪಿದ್ದಳು. ಬೆಲ್‌ಗ್ರೇಡಿನ ತನಕದ ದಾರಿಯನ್ನು ವರ್ಷವಿಡೀ ಕನಸು ಕಂಡ ಮನುಷ್ಯ, ಕೊನೆಗೆ ಆ ದಾರಿಯನ್ನೇ ಅಂಗಡಿಯಲ್ಲಿ ಬಿಟ್ಟು ಬಂದಿದ್ದ. ಯಾಕೆ?

“ಬಚ್ಚಿಟ್ಟುಕೊಳ್ಳೋವಂಥದ್ದು ಏನಾಯ್ತು ಮಾಮ? ಯಾರಿಗೆ ಹೆದರಿ?”

“ಅವನು ನೋಡಬಾರದ್ದು ಏನೋ ನೋಡಿದ್ದಾನೆ. ಏನು ಅಂತ ನನಗೂ ಹೇಳಿಲ್ಲ. ನಿನಗೆ ಗೊತ್ತಾದ್ರೆ ನಿನ್ನನ್ನೂ ಬಚ್ಚಿಡಬೇಕಾಗುತ್ತೆ, ಕೋಣೆಯಲ್ಲಿ ಇಬ್ಬರಿಗೆ ಜಾಗ ಇಲ್ಲ ಅಂದ. ಅವನ ಹಳೇ ಶಿಷ್ಯ ಒಬ್ಬ ವಕೀಲ, ಅಥೆನ್ಸ್‌ನಿಂದ ನಾಳೆ ಬರ್ತಾನೆ. ಅವನ ಕೈಗೆ ಹೇಳಿಕೆ ಕೊಟ್ಟುಬಿಟ್ರೆ ಮುಗೀತು. ಅಲ್ಲೀ ತನಕ ಅವಳಿಗೆ ತಾನು ದೂರ ಇದ್ದೀನಿ ಅನ್ನಿಸ್ತಿರಬೇಕು. ದೂರ ಹೋಗೋವಷ್ಟು ಹೊತ್ತೂ ಇರ್ಲಿಲ್ಲ, ಮೊಣಕಾಲೂ ಇರ್ಲಿಲ್ಲ ಅವನಿಗೆ. ಅವನು ಹೊರಗೆ ಬರೋ ಹಾಗಿಲ್ಲ, ಅದಕ್ಕೆ ಮೆಸೇಜು ನಾನೇ ಕಳಿಸ್ತಿದ್ದೆ. ಪೊದ್ಗೊರಿತ್ಸಾ ಅಂತ ಬರೆದದ್ದು ನನ್ನ ಬುದ್ಧಿ. ಇನ್ನೊಂಚೂರು ದೂರ ಕಳಿಸೋಣ ಅನ್ನಿಸ್ತು.”

“ಅವಳಿಗೆ ಅಂದ್ರೆ? ಯಾರಿಗೆ?”

ಝಿಸಿಮೋಸ್ ಅವಳನ್ನು ಕರುಣೆಯಿಂದ ನೋಡಿದ.

“ದಿನಾ ಮೆಸೇಜು ಯಾರಿಗೆ ಹೋಗ್ತಿತ್ತು ಮಗಳೇ?”

ಸಮುದ್ರದ ಸದ್ದು ಇದ್ದಕ್ಕಿದ್ದ ಹಾಗೆ ದೊಡ್ಡದಾಗಿ ಕೇಳಿಸಿತು. ಎರಡು ವಾರ ದಿನಾ ಠಾಣೆಗೆ ಬಂದವಳು. ಹುಡುಕು, ಹುಡುಕು ಎಂದು ಬೆನ್ನು ಬಿದ್ದವಳು. ಇಡೀ ಊರು ನಕ್ಕಾಗಲೂ ಪಟ್ಟು ಬಿಡದವಳು.

“ನನ್ನ ಹತ್ರ ಬರಬಹುದಿತ್ತಲ್ಲ ಮೇಷ್ಟ್ರು,” ಎಂದಳು ಎವಾಂಥಿಯಾ. “ನಾನು ಪೊಲೀಸಿನವಳು. ಅವರ ಶಿಷ್ಯೆ.”

“ನಾನೂ ಅದನ್ನೇ ಹೇಳಿದೆ. ಬೇಡ ಅಂದ. ಎವಾಂಥಿಯಾ ಬುದ್ಧಿವಂತೆ, ಆದ್ರೆ ಪಕ್ಕದ ಬೆಂಚಿನವಳ ಕಣ್ಣಲ್ಲಿ ನೀರು ಕಂಡ್ರೆ ಸಾಕು, ಉತ್ತರಪತ್ರಿಕೆ ತೋರಿಸಿಬಿಡ್ತಾಳೆ ಅಂದ.” ಝಿಸಿಮೋಸ್ ಸಣ್ಣಗೆ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. “ಯಾಕೆ? ಇಲ್ಲಿಗೆ ಬರೋದು ಯಾರಿಗಾದ್ರೂ ಹೇಳಿದ್ದೀಯಾ?”

ಅವಳು ತಿರುಗಿ ಗುಡ್ಡದ ಕಡೆ ನೋಡಿದಳು. ಮೆಲ್ಪೊಳ ಮನೆ ಇಲ್ಲಿಂದ ಎರಡೇ ಊರು ಈಚೆಗೆ. ತಾನು ಸಾಹೇಬರ ಮುಂದೆ ಕೂತು ಕಾಯುತ್ತಿದ್ದ ಹೊತ್ತಿನಲ್ಲಿ ನಡೆದು ಬಂದರೂ ತಲುಪಬಹುದಿತ್ತು.

ಅವಳು ಮೇಷ್ಟ್ರ ಫೋನಿನ ಗುಂಡಿ ಒತ್ತಿದಳು. ಪರದೆ ನಿಧಾನವಾಗಿ ಬೆಳಗಿತು. ಎದುರು ಗುಡ್ಡದ ಗೋಪುರ ಅದನ್ನು ಹಿಡಿದುಕೊಂಡಿತು. ಕೂಡಲೇ ಒಂದು ಮೆಸೇಜು ಬಂದು ಬಿತ್ತು. ಈಗಷ್ಟೇ ಕಳಿಸಿದ್ದು.

‘ಅಪ್ಪಾ, ನಾನು ಮೆಲ್ಪೊ. ಹೊರಗೇ ನಿಂತಿದ್ದೀನಿ. ಬಾಗಿಲು ತೆಗಿ.’

ಎವಾಂಥಿಯಾ ಅದಾಗಲೇ ಗುಡ್ಡದ ಕಡೆ ಓಡುತ್ತಿದ್ದಳು. “ಮಾಮ, ಮೇಷ್ಟ್ರು ಬಾಗಿಲು ತೆಗೀದಿದ್ರೆ ಸಾಕು, ಅಷ್ಟರಲ್ಲಿ ನಾನು ತಲುಪ್ತೀನಿ. ಚಿಲಕ ಗಟ್ಟಿ ಇದೆಯಾ?”

ಝಿಸಿಮೋಸ್ ಇದ್ದಲ್ಲಿಂದ ಅಲುಗಲಿಲ್ಲ.

“ಅದು ಎಣ್ಣೆ ಕೋಣೆ ಮಗಳೇ,” ಎಂದ. “ಚಿಲಕ ಇರೋದು ಹೊರಗಡೆ.”